ಬಾಗಿಲಿಗೆ ಬರುವ ನೆರೆಯವರು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ರೇಷ್ಮೆಯ ಸೀಮೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದರೆ ಮನೆಮಂದಿಗೆ ಬಿಡುವಿಲ್ಲ. ಚುನಾವಣೆ ಅದಕ್ಕೆ ಕಾಯುವುದಿಲ್ಲ.

ಮತದಾನ ಮುಗಿಯುವ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕು. 2023ರ ಮೇ 10ರ ವಿಧಾನಸಭಾ ಚುನಾವಣೆಗೂ ಅದೇ ನಿಯಮವಿತ್ತು. ಮೈಕು ನಿಂತ ಮೇಲೆ ಉಳಿಯುವುದು ಮನೆಮನೆ ಭೇಟಿ. ಬರುವ ಕಾರ್ಯಕರ್ತ ಪಕ್ಕದ ಬೀದಿಯವನೇ. ಹುಳುವಿಗೆ ಸೊಪ್ಪು ಹಾಕುತ್ತಿರುವವಳ ಕೈಗೆ ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆದ ಚೀಟಿ ಕೊಟ್ಟು, "ಅಕ್ಕಾ, ಬೆಳಗ್ಗೇನೇ ಬಂದ್ಬಿಡಿ" ಎನ್ನುತ್ತಾನೆ.

ಭಾಷಣಕಾರರು ಮಾತಾಡಿ ಹೊರಟುಹೋಗುತ್ತಾರೆ. ನೆರೆಯವನು ಫಲಿತಾಂಶದ ಮರುದಿನವೂ ಅದೇ ಬೀದಿಯಲ್ಲಿ ನಮಗೆ ಎದುರಾಗಬೇಕು. ಅವನ ಮಾತಿಗೆ ಹೊಣೆ ಹೆಚ್ಚು. ಅವನು ಸುಳ್ಳು ಹೇಳಬಾರದು, ನೋಟು ಹಂಚಬಾರದು.

ಪಕ್ಷ ಯಾವುದೇ ಇರಲಿ, ಕೂರಿಸಿ ಮಾತಾಡಿಸಿ. ಪ್ರಶ್ನೆ ಕೇಳಿ. ವೋಟು ಮಾತ್ರ ನಿಮ್ಮ ಮನಸ್ಸಾಕ್ಷಿಯಂತೆ ಹಾಕಿ.