ಸೈನಿಕನ ಪಿಂಚಣಿ ಮತ್ತು ವಿಚ್ಛೇದಿತ ಪತ್ನಿ

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರನ್ನು ನೀವೆಲ್ಲ ಕಂಡಿದ್ದೀರಿ. ಕೊಡಗಿನ ಕಡೆಯಂತೂ ಅಂಥವರಿಲ್ಲದ ಹಳ್ಳಿಯೇ ವಿರಳ. ತಿಂಗಳಿಗೊಮ್ಮೆ ಅವರಿಗೆ ಪಿಂಚಣಿ ಬರುತ್ತದೆ. ಅವರು ಕಾಲವಾದರೆ ಹೆಂಡತಿಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ಅದಕ್ಕಾಗಿ ಯಾರೂ ತಿಂಗಳು ತಿಂಗಳೂ ಕಂತು ಕಟ್ಟುವುದಿಲ್ಲ. ಆದರೆ ವಿಚ್ಛೇದನವಾದ ಹೆಂಡತಿ ನಮ್ಮಲ್ಲಿ ಆ 'ಕುಟುಂಬ'ದ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದ ಏರ್ಪಾಡೇ ಬೇರೆ. ಅಲ್ಲಿ ವಿಚ್ಛೇದಿತೆಗೂ ಒಂದು ದಾರಿಯುಂಟು. ಆದರೆ ಅದರ ಬಾಗಿಲು ಒಂದು ವರ್ಷದಲ್ಲಿ ಮುಚ್ಚಿಹೋಗುತ್ತದೆ. ನಮ್ಮವರ ಮಕ್ಕಳು ಮೊಮ್ಮಕ್ಕಳು ಎಷ್ಟೋ ಮಂದಿ ಆ ದೇಶದಲ್ಲಿ ನೆಲೆಸಿರುವುದರಿಂದ, ಈ ಸಂಗತಿ ನಿಮ್ಮ ಮನೆಯ ಅಂಗಳಕ್ಕೆ ತೀರ ದೂರದ್ದೇನೂ ಅಲ್ಲ.

ಮೊದಲು ಸೈನಿಕನ ಹೆಂಡತಿಯ ಸ್ಥಿತಿಯನ್ನು ನೆನೆಯಿರಿ. ಗಂಡನಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಈಕೆ ಒಂದು ಊರಿನಲ್ಲಿ ಶಾಲೆಯ ಕೆಲಸ ಹಿಡಿದು ಕಾಲೂರುವಷ್ಟರಲ್ಲಿ ಸಾಮಾನು ಕಟ್ಟಬೇಕು. ಹೀಗೆ ಇಪ್ಪತ್ತು ವರ್ಷ ಕಳೆದರೆ ಆತನಿಗೆ ಪಿಂಚಣಿ ಸಿದ್ಧ. ಆಕೆಗೆ ತನ್ನದೆಂಬ ಪಿಂಚಣಿ ಎಲ್ಲಿಂದ ಬರಬೇಕು? ಆ ವೇಳೆಗೆ ಸಂಸಾರ ಮುರಿದರೆ, ಮನೆಯಲ್ಲಿರುವ ಒಂದೇ ಒಂದು ದೊಡ್ಡ ಆಸ್ತಿ ಆ ಪಿಂಚಣಿ.

ಅದರಲ್ಲಿ ಆಕೆಗೆ ಪಾಲುಂಟೇ? 1981ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. ಸೈನ್ಯದ ವೈದ್ಯರಾಗಿದ್ದ ಕರ್ನಲ್ ಮೆಕಾರ್ಟಿ ಎಂಬವರ ಮೊಕದ್ದಮೆ ಅದು. ಸೈನಿಕ ಪಿಂಚಣಿಯನ್ನು ರಾಜ್ಯದ ನ್ಯಾಯಾಲಯಗಳು ಹಂಚುವಂತಿಲ್ಲವೆಂದು ತೀರ್ಪಾಯಿತು. ಹೆಂಗಸರು ಸುಮ್ಮನಿರಲಿಲ್ಲ. ಕೊಲೊರಾಡೋದ ಪ್ರತಿನಿಧಿ ಪೆಟ್ರೀಷಿಯಾ ಶ್ರೋಡರ್ ಮೊದಲಾದವರ ಪ್ರಯತ್ನದಿಂದ ಮರುವರ್ಷವೇ, ಎಂದರೆ 1982ರಲ್ಲಿ, ಹೊಸ ಕಾನೂನು ಬಂದು ರಾಜ್ಯದ ನ್ಯಾಯಾಲಯಗಳಿಗೆ ಹಂಚುವ ಅಧಿಕಾರ ದೊರೆಯಿತು. ಪಾಲು ಕೊಡಲೇಬೇಕೆಂದು ಅದು ಹೇಳಲಿಲ್ಲ. ಕೊಡಬಹುದು ಎಂದಿತು, ಅಷ್ಟೆ.

ಇಲ್ಲಿಯೇ ಹಲವರು ಮೋಸಹೋಗುವುದು. ಡಿಕ್ರಿಯಲ್ಲಿ 'ಪಿಂಚಣಿಯ ಅರ್ಧ ಈಕೆಗೆ' ಎಂದು ಬರೆದಿದ್ದರೆ ತನ್ನ ಮುಪ್ಪಿಗೆ ಭಯವಿಲ್ಲವೆಂದು ಆಕೆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿರುತ್ತಾಳೆ. ಆದರೆ ಪಿಂಚಣಿ ಆತನ ಜೀವದೊಡನೆ ಕಟ್ಟಿದ್ದು. ಆತ ಸತ್ತ ದಿನ ಅದು ನಿಲ್ಲುತ್ತದೆ. ಆತನ ಅರ್ಧದ ಜೊತೆಗೆ ಆಕೆಯ ಅರ್ಧವೂ ನಿಲ್ಲುತ್ತದೆ. ಡಿಕ್ರಿ ಎಷ್ಟೇ ಗಟ್ಟಿಯಾಗಿರಲಿ, ಬತ್ತಿದ ಬಾವಿಯಿಂದ ನೀರು ಸೇದುವುದಾಗುತ್ತದೆಯೇ?

ಆ ದಿನಕ್ಕೆಂದೇ ಇರುವುದು 1972ರಲ್ಲಿ ಹುಟ್ಟಿದ 'ಸರ್ವೈವರ್ ಬೆನಿಫಿಟ್ ಪ್ಲಾನ್', ಎಂದರೆ ಹಿಂದೆ ಉಳಿದವರ ಜೀವನಾಂಶದ ಯೋಜನೆ. ನಮ್ಮ ಕುಟುಂಬ ಪಿಂಚಣಿಯಂತೆ ಇದು ತಾನಾಗಿ ಬರುವುದಲ್ಲ. ವಿಮೆಯಂತೆ ಕಂತು ಕೊಟ್ಟು ಪಡೆಯತಕ್ಕದ್ದು. ಒಂದು ಲೆಕ್ಕ ಹಾಕೋಣ. ಆತನ ಪಿಂಚಣಿ ತಿಂಗಳಿಗೆ 3,000 ಡಾಲರ್ ಎಂದಿಟ್ಟುಕೊಳ್ಳಿ. ಪೂರ್ತಿ ಮೊತ್ತಕ್ಕೆ ಯೋಜನೆ ಮಾಡಿಸಿದರೆ ಸಾಮಾನ್ಯವಾಗಿ ನೂರಕ್ಕೆ ಆರೂವರೆಯಂತೆ 195 ಡಾಲರ್ ಕಂತು ಮುರಿದುಕೊಳ್ಳುತ್ತಾರೆ. ಆತ ತೀರಿಕೊಂಡರೆ ನೂರಕ್ಕೆ 55ರಂತೆ 1,650 ಡಾಲರ್ ಆಕೆಗೆ ತಿಂಗಳು ತಿಂಗಳೂ ಬರುತ್ತದೆ; ಬೆಲೆಗಳು ಏರಿದಂತೆ ಅದೂ ಏರುತ್ತದೆ. ಕಂತನ್ನು ಪಾಲು ಮಾಡುವ ಮೊದಲೇ ಮುರಿಯುವುದರಿಂದ ಅದರ ಭಾರ ಇಬ್ಬರ ಮೇಲೂ ಬೀಳುತ್ತದೆ. ಇದು ನ್ಯಾಯವಾಗಿಯೇ ಇದೆಯೆಂದು ನನಗೆ ತೋರುತ್ತದೆ. ಮೂವತ್ತು ವರ್ಷ ಕಂತು ಕಟ್ಟಿ, ನಿವೃತ್ತನಿಗೆ 70 ತುಂಬಿದ್ದರೆ, 2008ರಿಂದ ಈಚೆಗೆ ಕಂತೂ ನಿಲ್ಲುತ್ತದೆ.

ಮದುವೆ ಊರ್ಜಿತದಲ್ಲಿದ್ದಾಗ ಆಕೆ 'ಪತ್ನಿ' ಎಂದು ಯೋಜನೆಯಲ್ಲಿ ಸೇರಿದ್ದಳೆನ್ನಿ. ವಿಚ್ಛೇದನವಾದೊಡನೆ ಆಕೆ ಪತ್ನಿಯಲ್ಲ. ಆ ಹಕ್ಕು ಅಲ್ಲಿಗೆ ಮುಗಿಯಿತು. 'ಮಾಜಿ ಪತ್ನಿ' ಎಂದು ಹೊಸದಾಗಿ ಬರೆಸಬೇಕು. ಕಚೇರಿಗೆ ವಿಚ್ಛೇದನದ ಸುದ್ದಿ ತಲುಪದೆ ಕಂತು ಮಾತ್ರ ಮುರಿಯುತ್ತಲೇ ಹೋಗುವುದುಂಟು. ಕಂತು ಹೋಗುತ್ತಿದೆ, ಆದ್ದರಿಂದ ರಕ್ಷಣೆಯೂ ಇದೆ ಎಂದು ನಂಬಬೇಡಿ.

ಬರೆಸುವವರು ಯಾರು? ಆತ ನಿವೃತ್ತನಾಗಿದ್ದರೆ, ವಿಚ್ಛೇದನವಾದ ಒಂದು ವರ್ಷದೊಳಗೆ ಆತನೇ ಬರೆಸಬಹುದು. ಹೀಗೆ ಬರೆಸೆಂದು ಆಜ್ಞೆಮಾಡುವ ಅಧಿಕಾರ ನ್ಯಾಯಾಲಯಗಳಿಗೆ 1986ರಲ್ಲಿ ಬಂತು. ಆದರೆ ಆಜ್ಞೆಯಾದ ಮಾತ್ರಕ್ಕೆ ಕೆಲಸವಾಗಲಿಲ್ಲ. ಆತ ಮರೆಯಬಹುದು, ಮುಂದೂಡಬಹುದು, ಮುನಿಸಿಕೊಂಡು ಸುಮ್ಮನಿರಬಹುದು. ಅದಕ್ಕೆ ಕಾನೂನು ಒಂದು ಉಪಾಯ ಮಾಡಿದೆ: ಆಕೆಯೇ, ಅಥವಾ ಆಕೆಯ ವಕೀಲರು, ಡಿಕ್ರಿಯ ದೃಢೀಕೃತ ನಕಲನ್ನು ಲಗತ್ತಿಸಿ ವೇತನ ಕಚೇರಿಗೆ ಬರೆದರೆ, ಆತನೇ ಬರೆಸಿದನೆಂದು ಭಾವಿಸಿ ಹೆಸರನ್ನು ದಾಖಲು ಮಾಡಿಕೊಳ್ಳುತ್ತಾರೆ. ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆಲ್ಲ ಈ ಕಚೇರಿ 'ಡಿಫೆನ್ಸ್ ಫೈನಾನ್ಸ್ ಅಂಡ್ ಅಕೌಂಟಿಂಗ್ ಸರ್ವೀಸ್'. ಇದಕ್ಕೂ ವಾಯಿದೆ ಒಂದೇ ವರ್ಷ, ಆಜ್ಞೆಯ ತಾರೀಖಿನಿಂದ.

ಆಜ್ಞೆಯ ತಾರೀಖಿನಿಂದ ಎಂಬುದನ್ನು ಗಮನಿಸಿ. ವಿಚ್ಛೇದನದ ಕಾಲಕ್ಕೆ ಆತ ಇನ್ನೂ ನೌಕರಿಯಲ್ಲಿದ್ದು ನಿವೃತ್ತಿಗೆ ನಾಲ್ಕೈದು ವರ್ಷ ಇರಬಹುದು. 'ಪಿಂಚಣಿ ಆರಂಭವಾದಾಗ ನೋಡೋಣ' ಎಂದು ಆಕೆ ಕಾದರೆ ವಾಯಿದೆ ಎಂದೋ ಕಳೆದಿರುತ್ತದೆ. ಆಮೇಲೆ ಸೈನ್ಯದ ದಾಖಲೆ ತಿದ್ದುವ ಮಂಡಲಿಗೆ ಅರ್ಜಿ ಹಾಕಬಹುದು; ಅದು ನಿಧಾನದ ದಾರಿ, ಫಲದ ಭರವಸೆಯಿಲ್ಲ.

ಆ ನಡುವೆ ಆತ ಮತ್ತೊಬ್ಬಳನ್ನು ಮದುವೆಯಾಗಿದ್ದರೆ ಗಂಟು ಇನ್ನೂ ಬಿಗಿಯುತ್ತದೆ. ಈ ಯೋಜನೆಯಲ್ಲಿ ಪತ್ನಿಗೂ ಮಾಜಿ ಪತ್ನಿಗೂ ಒಟ್ಟಿಗೆ ಸ್ಥಳವಿಲ್ಲ, ಇಬ್ಬರಲ್ಲಿ ಒಬ್ಬರು. ಕೊನೆಗಾಲದಲ್ಲಿ ಆತನ ಸೇವೆ ಮಾಡಿದ ಎರಡನೆಯವಳನ್ನು ತಪ್ಪಿತಸ್ಥಳೆನ್ನಲು ನನಗೆ ಮನಸ್ಸಿಲ್ಲ. ಒಬ್ಬನ ಅಲಕ್ಷ್ಯದಿಂದ ಇಬ್ಬರು ವೃದ್ಧೆಯರು ಒಂದೇ ಅನ್ನಕ್ಕೆ ಹೊಡೆದಾಡುವಂತಾಗುತ್ತದೆ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಮದುವೆ ಹತ್ತು ವರ್ಷ ನಡೆದಿದ್ದು, ಆ ಅವಧಿಯಲ್ಲಿ ಸೈನ್ಯದ ಸೇವೆಯೂ ಹತ್ತು ವರ್ಷ ಕೂಡಿಬಂದಿರಬೇಕೆಂಬ ನಿಯಮವನ್ನು ಹಲವರು ಕೇಳಿರುತ್ತಾರೆ. ಅದು ಪಿಂಚಣಿಯ ಪಾಲನ್ನು ಕಚೇರಿಯೇ ನೇರವಾಗಿ ಆಕೆಗೆ ಕಳುಹಿಸುವುದಕ್ಕೆ ಮಾತ್ರ. ಉಳಿದವರ ಯೋಜನೆಗೆ ಆ ಹತ್ತರ ಕಟ್ಟಿಲ್ಲ. ಏಳು ವರ್ಷ ಸಂಸಾರ ಮಾಡಿದವಳು ತನಗೆ ಹಕ್ಕಿಲ್ಲವೆಂದು ಸುಮ್ಮನೆ ಕೂರಬಾರದು.

ಮರುಮದುವೆಯ ವಿಷಯ ಹೀಗೆ: 55 ತುಂಬುವ ಮೊದಲು ಆಕೆ ಮತ್ತೆ ಮದುವೆಯಾದರೆ ಈ ಹಣ ತಡೆಯಾಗುತ್ತದೆ, ಆ ಮದುವೆಯೂ ಸಾವಿನಿಂದಲೋ ವಿಚ್ಛೇದನದಿಂದಲೋ ಮುಗಿದರೆ ಪುನಃ ಬರುತ್ತದೆ. 55 ತುಂಬಿದ ಮೇಲೆ ಆದ ಮದುವೆಯಿಂದ ಬಾಧಕವಿಲ್ಲ. ಹೆಂಡತಿ ಸೈನ್ಯದಲ್ಲಿದ್ದು ಗಂಡ ಹೊರಗಿದ್ದರೂ ಇವೇ ನಿಯಮಗಳು.

ನಿಮ್ಮ ಮಗಳೋ ತಂಗಿಯೋ ಇಂಥ ಸ್ಥಿತಿಯಲ್ಲಿದ್ದರೆ ಮೊದಲು ಕೇಳಬೇಕಾದುದು ಎರಡು ಮಾತು. ಡಿಕ್ರಿಯಲ್ಲಿ ಈ ಯೋಜನೆಯ ಹೆಸರೂ, ಎಷ್ಟು ಮೊತ್ತಕ್ಕೆ ಎಂಬುದೂ ಬಂದಿದೆಯೇ? ಆ ಡಿಕ್ರಿ ಕಚೇರಿಗೆ ತಲುಪಿತೆಂದು ಬರವಣಿಗೆಯಲ್ಲಿ ಉತ್ತರ ಬಂದಿದೆಯೇ? ವಕೀಲರು ಕಳುಹಿಸಿರಬಹುದೆಂಬ ಊಹೆ ಸಾಲದು. ಅಂಚೆಯ ರಸೀತಿ ಕೈಯಲ್ಲಿರಬೇಕು. ಮನೆ ಬದಲಾಯಿಸಿದಾಗಲೆಲ್ಲ ಹೊಸ ವಿಳಾಸವನ್ನೂ ತಿಳಿಸುತ್ತಿರಬೇಕು. ಎಷ್ಟೋ ವರ್ಷದ ಹಿಂದೆ ಬೇರೆಯಾದವನ ಸಾವಿನ ಸುದ್ದಿ ಆಕೆಗೆ ತಡವಾಗಿ ಬರಬಹುದು. ಬಂದಾಗ ಮರಣಪತ್ರದ ನಕಲಿನೊಡನೆ ಹಣಕ್ಕಾಗಿ ಅರ್ಜಿ ಕೊಡಬೇಕಾದವಳೂ ಆಕೆಯೇ.