ಒಂದೇ ಫೋನು, ಎರಡು ಉದ್ರಿ

ಇವತ್ತು ಡೇಟಾಬೇಸ್ ಬಗ್ಗೆ ಮಾತಾಡೋಣ. ಇಯರ್‌ಫೋನ್ ಕಿತ್ತು ಹಾಕ್ಬೇಡಿ, ನಾನೂ ಬಿ.ಕಾಂ. ಮಾಡಿದವನೇ.

ಮೂರು ವರ್ಷದ ಹಿಂದೆ ನಮ್ಮ ಬೀದಿಯ ದಿನಸಿ ಅಂಗಡಿಯ ಉದ್ರಿ ಲೆಕ್ಕಾನ ಪುಸ್ತಕದಿಂದ ಕಂಪ್ಯೂಟರ್‌ಗೆ ಹಾಕಿಕೊಟ್ಟೆ. ಗಿರಾಕಿಯ ಗುರುತಿಗೆ ಫೋನ್ ನಂಬರ್ ಸಾಕು ಅಂದ್ಕೊಂಡೆ. ಒಂದು ತಿಂಗಳಾದ್ಮೇಲೆ ಒಬ್ಬರು ಅಜ್ಜಿ ಬಂದು, "ಇಷ್ಟೊಂದು ಸಾಮಾನು ನಾನು ತಗೊಂಡೇ ಇಲ್ವಲ್ಲಪ್ಪಾ" ಅಂದ್ರು. ಆ ಮನೇಲಿದ್ದಿದ್ದು ಒಂದೇ ಫೋನು. ಬೇರೆ ಒಲೆ ಹೂಡಿದ್ದ ಸೊಸೆಯ ಉದ್ರೀನೂ ಅಜ್ಜಿ ಹೆಸರಲ್ಲೇ ಕೂತಿತ್ತು. ಹಳೇ ಪುಸ್ತಕದಲ್ಲಿ ಇಬ್ಬರಿಗೂ ಬೇರೆ ಬೇರೆ ಪುಟ ಇತ್ತು, ನೋಡಿ!

ಈ ತರದ ತಪ್ಪಿನ ಬಗ್ಗೆ ದೊಡ್ಡವರು ಯಾವತ್ತೋ ತಲೆ ಕೆಡಿಸಿಕೊಂಡಿದ್ದಾರೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಡೇಟಾನೆಲ್ಲ ಟೇಬಲ್‌ಗಳಾಗಿ ನೋಡೋ ರಿಲೇಶನಲ್ ಮಾದರಿ ಕೊಟ್ರು. ಗಣಿತದ ಲೆಕ್ಕದಲ್ಲಿ ಬಹಳ ಅಚ್ಚುಕಟ್ಟು. ಆದ್ರೆ ಟೇಬಲ್‌ಗೆ ಸಾಲು ಗೊತ್ತು, ಕಾಲಂ ಗೊತ್ತು. ಅದರಲ್ಲಿ ಯಾವುದು ಮನುಷ್ಯ, ಯಾವುದು ಬರೀ ಅವರ ಕೈಲಿರೋ ಫೋನು ಅಂತ ಗೊತ್ತಾಗಲ್ಲ. 1976ರಲ್ಲಿ ಪೀಟರ್ ಚೆನ್ ಎಂಟಿಟಿ-ರಿಲೇಶನ್‌ಶಿಪ್ ಮಾದರಿ ತಂದ್ರು. ಟೇಬಲ್ ಆಮೇಲೆ, ಮೊದಲು ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಅಂತ ಚಿತ್ರ ಬರೀಬೇಕು. ಚೌಕದಲ್ಲಿ ಎಂಟಿಟಿ, ವಜ್ರದಾಕಾರದಲ್ಲಿ ಸಂಬಂಧ. ಒಂದಕ್ಕೆ ಒಂದೇನಾ, ಒಂದಕ್ಕೆ ಹಲವಾ ಅನ್ನೋದನ್ನ ಗೆರೆ ಪಕ್ಕ ಗುರುತು ಹಾಕ್ಬೇಕು. ಒಂದು ಫೋನಿಗೆ ಎಷ್ಟು ಜನ? ನಾನು ಕೇಳದೇ ಬಿಟ್ಟ ಪ್ರಶ್ನೆ ಅದೇ.

1979ರಲ್ಲಿ ಕಾಡ್ ಅವರೇ ತಮ್ಮ ಮಾದರಿಗೆ ಇನ್ನಷ್ಟು ಅರ್ಥ ತುಂಬೋಕೆ ಕೂತ್ರು. ಅದರಲ್ಲಿ ನಂಗೆ ಇಷ್ಟವಾಗಿದ್ದು 'ಸರೋಗೇಟ್'. ಪ್ರತಿ ಎಂಟಿಟಿಗೂ ಸಿಸ್ಟಮ್ಮೇ ಒಂದು ಗುರುತು ಕೊಡುತ್ತೆ. ಹೆಸರು ಬದಲಾಗಲಿ, ನಂಬರ್ ಬದಲಾಗಲಿ, ಆ ಗುರುತು ಬದಲಾಗಲ್ಲ. ಹೆಚ್ಚು ಕಮ್ಮಿ ನಮ್ಮ ಲೆಡ್ಜರ್ ಫೋಲಿಯೊ ನಂಬರ್ ಇದ್ದ ಹಾಗೆ. ಮೊದಲನೇ ವರ್ಷದ ಅಕೌಂಟೆನ್ಸಿಲೇ ಓದಿದ್ದೆ ಮಾರಾಯ್ರೆ!

ಗಿರಾಕಿ, ಫೋನು, ಖಾತೆ ಮೂರನ್ನೂ ಬೇರೆ ಮಾಡೋಕೆ ಒಂದು ಸಂಜೆ ಸಾಕಾಯ್ತು. ಆದ್ರೆ ಬೆರೆತುಹೋಗಿದ್ದ ಆ ಒಂದು ತಿಂಗಳನ್ನ ಬಿಡಿಸೋಕೆ ಯಾವ ಕ್ವೆರಿಯಿಂದಲೂ ಆಗಲಿಲ್ಲ. ಯಾರು ತಗೊಂಡ್ರು ಅನ್ನೋದನ್ನ ನಾನು ಬರೆದೇ ಇರಲಿಲ್ವಲ್ಲ. ಕೊನೆಗೆ ಅತ್ತೆ-ಸೊಸೆ ಇಬ್ಬರನ್ನೂ ಅಂಗಡಿ ಮುಂದೆ ಕೂರಿಸಿ ಒಂದೊಂದೇ ಸಾಲು ಓದಿದ್ವಿ. "ಎಲೆ-ಅಡಿಕೆ ನಂದು, ನೂಡಲ್ಸ್ ಅವಳದ್ದು." ಎರಡು ಕೆಜಿ ಸಕ್ಕರೆ ಮಾತ್ರ ಇಬ್ಬರೂ ತಮ್ಮದಲ್ಲ ಅಂದ್ರು. ಆ ದುಡ್ಡು ನಾನೇ ಕೊಟ್ಟೆ.