ಮಗುವಿನ ಮಾತ್ರೆಯೂ ಸರ್ಕಾರದ ಹೊಣೆಯೂ

(ಸಾಗರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂತಲ್ಲಿ ಕೂರದ, ಹಿಡಿದ ಕೆಲಸ ಮುಗಿಸದ, ಪಾಠದ ಮೇಲೆ ಮನಸ್ಸು ನಿಲ್ಲದ ಮಕ್ಕಳು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲೂ ಇದ್ದಾರೆ. ನಾವು ಅವರನ್ನು ತಂಟೆಕೋರರೆಂದು ಬೈಯುತ್ತೇವೆ. ತುಂಟತನವೆಲ್ಲ ಕಾಯಿಲೆಯಲ್ಲ, ನಿಜ. ಆದರೆ ಈ ಲಕ್ಷಣಗಳು ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಕಂಡು, ಮಗುವಿನ ಓದು ಒಡನಾಟಗಳನ್ನು ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಅದು ಬೆತ್ತಕ್ಕೆ ಬಗ್ಗುವುದಲ್ಲ. ಹೆತ್ತವರಿಗೂ ಮೇಷ್ಟರಿಗೂ ತಿಳಿವಳಿಕೆ ಬೇಕು. ಕೆಲವು ಮಕ್ಕಳಿಗೆ ಮೀಥೈಲ್‌ಫೆನಿಡೇಟ್‌ನಂಥ ಔಷಧವೂ ಬೇಕು.

ಇದು ಜ್ವರದ ಮಾತ್ರೆಯಂತೆ ಮೂರು ದಿನದ್ದಲ್ಲ. ಸಾಧಾರಣ ಮಾತ್ರೆಯ ಗುಣ ಸುಮಾರು 4 ಗಂಟೆಯಷ್ಟೇ, ವರ್ಷಗಟ್ಟಲೆ ಕೊಡಬೇಕಾಗಬಹುದು. ಖಾಸಗಿ ವೈದ್ಯರ ಫೀಸು, ಮಾತ್ರೆಯ ಬೆಲೆ, ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರಿನ ಬಸ್ ಚಾರ್ಜು, ಮೇಲೆ ಒಂದು ದಿನದ ಕೂಲಿ ಖೋತಾ. ಕೈ ಬರಿದಾದಾಗ ಮಗುವಿನ ಮಾತ್ರೆಯೇ ನಿಲ್ಲುತ್ತದೆ.

ಹಾಗಾದರೆ ಸರ್ಕಾರಿ ಆಸ್ಪತ್ರೆಗೆ ಏಕೆ ಹೋಗಬಾರದು? ಹೋಗಬೇಕು. ಬಳ್ಳಾರಿಯ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ತೀರ್ಥಹಳ್ಳಿ ತಾಲೂಕಿನ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಿನಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ನಿಮ್ಹಾನ್ಸ್ ವೈದ್ಯರು ಮಾಡಿ ತೋರಿಸಿದ್ದಾರೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಯೋಜನೆಯನ್ನು ರಾಜ್ಯ ಸರ್ಕಾರವೇ ಹಾಕಿತು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ.

ಆದರೆ ಬದಲಾಯಿಸುವುದಕ್ಕೆ ಕ್ರಮವಿದೆ. ಹಳೆಯ ವೈದ್ಯರಿಂದ ರೋಗದ ಹೆಸರು, ಔಷಧದ ಪ್ರಮಾಣ, ಮಗುವಿನ ತೂಕ, ಎತ್ತರ, ನಾಡಿ, ರಕ್ತದೊತ್ತಡ ಇವಿಷ್ಟನ್ನೂ ಬರೆಸಿಕೊಳ್ಳಿ. ಈ ಔಷಧದಿಂದ ಹಸಿವು, ನಿದ್ದೆ ಕಡಿಮೆಯಾಗಬಹುದು. ಆದ್ದರಿಂದ ಆ ಲೆಕ್ಕ ಮುಖ್ಯ. ಮೇಷ್ಟರಿಂದಲೂ ನಾಲ್ಕು ಸಾಲು ಬರೆಸಿ. ಮನೆಯಲ್ಲಿ ಮಾತ್ರೆ ಮುಗಿಯುವ ಮುನ್ನವೇ ಹೊರಡಿ. ಹೊಸ ವೈದ್ಯರು ನೋಡಿ ಚೀಟಿ ಬರೆಯುವ ತನಕ ಹಳೆಯ ವೈದ್ಯರನ್ನು ಬಿಡಬೇಡಿ. ಮೀಥೈಲ್‌ಫೆನಿಡೇಟ್ ಮಾದಕ ವಸ್ತು ಕಾನೂನಿನ ಹತೋಟಿಯಲ್ಲಿರುವ ಔಷಧ, ಚೀಟಿಯಿಲ್ಲದೆ ಕೊಡುವಂತಿಲ್ಲ.

ಇನ್ನು ಆಸ್ಪತ್ರೆಯಲ್ಲಿ "ಸ್ಟಾಕ್ ಇಲ್ಲ" ಎಂದರೆ? ಸುಮ್ಮನೆ ಹಿಂದಿರುಗಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 18ನೆಯ ಕಲಮು ಏನು ಹೇಳುತ್ತದೆ? ಸರ್ಕಾರದ ಅಗತ್ಯ ಔಷಧ ಪಟ್ಟಿಯಲ್ಲಿರುವುದನ್ನು ಮಾನಸಿಕ ಕಾಯಿಲೆಯವರಿಗೆ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಪುಕ್ಕಟೆಯಾಗಿ ಕೊಡಬೇಕು ಎನ್ನುತ್ತದೆ. ಗಮನಿಸಿ: ಪಟ್ಟಿಯಲ್ಲಿರುವುದನ್ನು ಮಾತ್ರ. ಆದ್ದರಿಂದ ಮಗುವಿನ ಔಷಧ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಿ. ಇದ್ದರೆ, ಸ್ಟಾಕ್ ತರಿಸಿರೆಂದು ತಾಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು ರಸೀದಿ ಪಡೆಯಿರಿ. ಇಲ್ಲದಿದ್ದರೆ, ಸೇರಿಸಿರೆಂದು ಒತ್ತಾಯಿಸಬೇಕು. ಈ ಮಕ್ಕಳೂ ಆ ಕಲಮಿನ ಆಶ್ರಯಕ್ಕೆ ಬರಬೇಕೆಂದು ಕೇಳಬೇಕು.

ಒಬ್ಬ ತಾಯಿ ಕೇಳಿದರೆ "ಮುಂದಿನ ವಾರ ಬಾಮ್ಮ" ಎನ್ನುತ್ತಾರೆ. ಐವತ್ತು ಜನ ರುಜು ಹಾಕಿದ ಅರ್ಜಿಗೆ ಹಾಗೆ ಹೇಳುವುದು ಕಷ್ಟ. ಮೂರು ತಾಲೂಕುಗಳಲ್ಲೂ ಇಂಥ ಮನೆಗಳ ಪಟ್ಟಿ ಮಾಡೋಣ, ಮಗುವಿನ ಹೆಸರನ್ನು ಬೀದಿಗೆ ತಾರದೆ. ಔಷಧ ಉಳ್ಳವರ ಮಕ್ಕಳಿಗೊಂದು, ಇಲ್ಲದವರ ಮಕ್ಕಳಿಗೊಂದು ಆಗಬಾರದು. ಅದನ್ನು ಎಲ್ಲರಿಗೂ ಒದಗಿಸುವುದು ಸರ್ಕಾರದ ದಾನವಲ್ಲ, ಕರ್ತವ್ಯ.